ಕಾರ್ಖಾನೆ ನಿಂತರೆ ಮನೆ ಯಾರದು?

ಭದ್ರಾವತಿಯ ಹಳಬರನ್ನು ‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿದರೆ ನ್ಯೂಟೌನ್, ಪೇಪರ್‌ಟೌನ್ ಅಥವಾ ಹುತ್ತಾ ಕಾಲೊನಿ ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲೇ ಅವರ ಉದ್ಯೋಗವೂ ಅಡಗಿರುತ್ತದೆ. ಒಂದು ಕಾಲಕ್ಕೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರು ಈಗಿನ ರೂಪಕ್ಕೆ ಬಂದದ್ದೇ ಕಾರ್ಖಾನೆಗಳಿಂದ. ವಿಶ್ವೇಶ್ವರಯ್ಯನವರು ಕನಸು ಕಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಕೆಲಸ ಅರಸಿ ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯವರು ಬಂದರು. ಕೆಲಸದ ಜೊತೆಗೆ ವಸತಿಗೃಹ ಸಿಕ್ಕಿತು. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲವೂ ಕಾರ್ಖಾನೆಯವೇ.

ಇಂಥ ಊರಿನಲ್ಲಿ ಕಾರ್ಖಾನೆ ನಿಂತರೆ ಏನಾಗುತ್ತದೆ? ಸಂಬಳ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಕಾಣುವ ಉತ್ತರ. ‘ನಮ್ಮ ಊರು’ ಎನ್ನುವ ಮಾತಿನ ಆಧಾರವೇ ಅಲುಗಾಡುತ್ತದೆ ಎಂಬುದು ಅಷ್ಟು ಬೇಗ ಕಾಣದ ಉತ್ತರ. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. (ರಾಜ್ಯದ ಪತ್ರಿಕೆಗಳು ಎಷ್ಟೋ ವರ್ಷ ಅಚ್ಚಾದದ್ದು ಇದೇ ಊರಿನ ಕಾಗದದ ಮೇಲೆ ಎಂಬುದನ್ನು ಪತ್ರಿಕೆಯವರಾದರೂ ಮರೆಯಬಾರದು.) ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷ ಬಾರ್ ಮಿಲ್ಲಿನಲ್ಲಿ ಕೆಲಸ ಮತ್ತೆ ಆರಂಭವಾಯಿತಾದರೂ ಊರಿನ ಆತಂಕ ದೂರವಾಗಲಿಲ್ಲ.

ಈ ಆತಂಕವನ್ನು ತೆರೆಯ ಮೇಲೆ ಕಾಣಬೇಕೆನ್ನುವವರು ಅಮೆರಿಕದ ಕೆಲವು ಸಾಕ್ಷ್ಯಚಿತ್ರಗಳನ್ನು ನೋಡಬೇಕು. ಕಾರು, ಹೆದ್ದಾರಿ, ಆಕಾಶ ಮುಟ್ಟುವ ಕಟ್ಟಡಗಳ ಆ ದೇಶದಲ್ಲೂ ಭದ್ರಾವತಿಗಳಿವೆ. ಮಿಷಿಗನ್ ರಾಜ್ಯದ ಫ್ಲಿಂಟ್ ಅಂಥದೊಂದು ಊರು. ಜನರಲ್ ಮೋಟಾರ್ಸ್ ಕಂಪನಿ 1908ರಲ್ಲಿ ಹುಟ್ಟಿದ್ದು ಅಲ್ಲಿ. ನಮ್ಮಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾದ 1936ರ ಕೊನೆಯಲ್ಲೇ ಅಲ್ಲಿನ ಕಾರ್ಮಿಕರು ಕಾರ್ಖಾನೆಯ ಒಳಗೇ ಕುಳಿತು 44 ದಿನ ಮುಷ್ಕರ ನಡೆಸಿ ಸಂಘದ ಮಾನ್ಯತೆ ಪಡೆದರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಕಂಪನಿ ಅಲ್ಲಿನ ಘಟಕಗಳನ್ನು ಒಂದೊಂದಾಗಿ ಮುಚ್ಚತೊಡಗಿತು.

ಮೈಕೆಲ್ ಮೂರ್ ಫ್ಲಿಂಟ್‌ನ ಕಾರ್ಮಿಕ ಕುಟುಂಬದ ಮಗ. ತಂದೆ ಜನರಲ್ ಮೋಟಾರ್ಸ್‌ನ ಘಟಕದಲ್ಲೇ ದುಡಿದವರು, ಸೋದರಮಾವನೋ ಚಿಕ್ಕಪ್ಪನೋ ಆಗಬೇಕಾದ ಒಬ್ಬರು ಆ ಹಳೆಯ ಮುಷ್ಕರದಲ್ಲಿದ್ದವರು. 1989ರಲ್ಲಿ ತೆರೆಕಂಡ ಮೂರ್ ಅವರ ‘ರೋಜರ್ ಅಂಡ್ ಮಿ’ ಆರಂಭವಾಗುವುದು ಅವರ ಬಾಲ್ಯದ ಮನೆಯಲ್ಲಿ ತೆಗೆದ ಹಳೆಯ ಚಿತ್ರಗಳಿಂದ. ಆಮೇಲೆ ಅವರು ಕಂಪನಿಯ ಅಧ್ಯಕ್ಷ ರೋಜರ್ ಸ್ಮಿತ್‌ರನ್ನು ಒಮ್ಮೆ ಫ್ಲಿಂಟ್‌ಗೆ ಕರೆತಂದು ತೋರಿಸಬೇಕೆಂದು ಬೆನ್ನು ಹತ್ತುತ್ತಾರೆ. ಅಧ್ಯಕ್ಷರು ಕೈಗೆ ಸಿಗುವುದಿಲ್ಲ. ಈ ಬೆನ್ನಟ್ಟುವಿಕೆ ನಗು ತರಿಸುತ್ತದೆ. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಬೇರೆಯೇ ದೃಶ್ಯಗಳು. ಬಾಡಿಗೆ ಕಟ್ಟಲಾಗದವರ ಮನೆ ಖಾಲಿ ಮಾಡಿಸುವುದು ಕೆಲಸವಾಗಿರುವ ಒಬ್ಬ ಅಧಿಕಾರಿ ಕ್ರಿಸ್‌ಮಸ್ ಹಿಂದಿನ ದಿನವೂ ಮನೆಮನೆಗೆ ಹೋಗುತ್ತಾನೆ. ಹಾಸಿಗೆ, ಕುರ್ಚಿ, ಹಬ್ಬಕ್ಕೆ ಸಿಂಗರಿಸಿದ ಗಿಡ ಎಲ್ಲವೂ ಬೀದಿಗೆ ಬರುತ್ತವೆ. ಅದರ ನಡುನಡುವೆ ಅಧ್ಯಕ್ಷರ ಹಬ್ಬದ ಭಾಷಣ ಕೇಳುತ್ತಿರುತ್ತದೆ. ಕಾರ್ಖಾನೆಯ ಅಂಕಿಅಂಶ ಹೇಳಲಾಗದ್ದನ್ನು ಬೀದಿಯಲ್ಲಿ ಬಿದ್ದ ಆ ಸಾಮಾನು ಹೇಳುತ್ತದೆ.

ಈ ಚಿತ್ರದ ಮೇಲೆ ಗಂಭೀರ ಆಕ್ಷೇಪವೂ ಇದೆ. ಮೂರ್ ಘಟನೆಗಳ ಕಾಲಕ್ರಮವನ್ನು ತಮಗೆ ಬೇಕಾದಂತೆ ಹಿಂದುಮುಂದು ಮಾಡಿದ್ದಾರೆ. ಪ್ರವಾಸಿಗರನ್ನು ಸೆಳೆಯಲೆಂದು ಊರಿನವರು ಕಟ್ಟಿದ ‘ಆಟೋವರ್ಲ್ಡ್’ ಎಂಬ ಮನರಂಜನಾ ಕೇಂದ್ರ 1984ರಲ್ಲಿ ತೆರೆದು ಆರೇಳು ತಿಂಗಳಲ್ಲೇ ಬಾಗಿಲು ಹಾಕಿತ್ತು. ಚಿತ್ರ ನೋಡಿದವರಿಗೆ ಅದು 1986ರಲ್ಲಿ ಘೋಷಣೆಯಾದ ಘಟಕಗಳ ಮುಚ್ಚುಗಡೆಯ ನಂತರದ ಕತೆಯೆನಿಸುತ್ತದೆ. ವಿಮರ್ಶಕರು ಇದನ್ನು ಆಗಲೇ ಎತ್ತಿ ತೋರಿಸಿದರು. ಕನ್ನಡದ ‘ಸಾಕ್ಷ್ಯಚಿತ್ರ’ ಎಂಬ ಪದ ಇಲ್ಲಿ ಕುತೂಹಲ ಹುಟ್ಟಿಸುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನು ತಾರೀಖು ತಪ್ಪಿಸಿದರೆ ಅವನ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ. ಮೂರ್ ಹೇಳಿದ ದುಃಖ ನಿಜವಾಗಿತ್ತು. ತಾರೀಖುಗಳ ಬಗ್ಗೆಯೂ ಅವರು ಎಚ್ಚರ ವಹಿಸಿದ್ದರೆ ವಿರೋಧಿಗಳಿಗೆ ಅಸ್ತ್ರ ಸಿಗುತ್ತಿರಲಿಲ್ಲ.

ಹಾಗೆ ನೋಡಿದರೆ ಈ ತಕರಾರು ಸಾಕ್ಷ್ಯಚಿತ್ರದಷ್ಟೇ ಹಳೆಯದು. ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ಹೊರತಂದ ‘ನಾನೂಕ್ ಆಫ್ ದ ನಾರ್ತ್’ ಕೆನಡಾದ ಹಿಮಪ್ರದೇಶದ ಇನುಇಟ್ ಜನರ ಬಾಳನ್ನು ಕುರಿತದ್ದು. ಅದರಲ್ಲಿ ಕುಟುಂಬವೊಂದು ಹಿಮದ ಮನೆ ಕಟ್ಟಿಕೊಂಡು ಮಲಗುವ ದೃಶ್ಯ ಜಗತ್ಪ್ರಸಿದ್ಧ. ಆದರೆ ನಿಜವಾದ ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಜಾಗವೂ ಇರಲಿಲ್ಲ, ಬೆಳಕೂ ಇರಲಿಲ್ಲ. ಅದಕ್ಕಾಗಿ ದೊಡ್ಡದೊಂದನ್ನು ಕಟ್ಟಿಸಿ ಅದರ ಒಂದು ಪಾರ್ಶ್ವವನ್ನು ಕತ್ತರಿಸಿ ತೆಗೆಯಲಾಯಿತು. ಬೆಚ್ಚಗಿನ ಮನೆಯೆಂದು ನೋಡುಗರು ನಂಬಿದ್ದು ಗೋಡೆಯಿಲ್ಲದ ಮನೆ! ಆ ‘ಕುಟುಂಬ’ವೂ ನಿಜವಾದ ಕುಟುಂಬವಾಗಿರಲಿಲ್ಲ. ಹೊರಗಿನವನು ಬಂದು ಮನೆಯನ್ನು ಚಿತ್ರಿಸಹೊರಟರೆ ಮೊದಲು ಗೋಡೆ ಒಡೆಯಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಒಳಗಿನವರ ಕೈಗೇ ಕ್ಯಾಮೆರಾ ಬಂದರೆ? ಒಹಾಯೊ ರಾಜ್ಯದ ಡೇಟನ್ ಬಳಿ ಮೊರೇನ್ ಎಂಬಲ್ಲಿದ್ದ ಜನರಲ್ ಮೋಟಾರ್ಸ್ ಘಟಕ 2008ರ ಡಿಸೆಂಬರ್ 23ರಂದು ಮುಚ್ಚಿತು. ಅದೇ ಪ್ರದೇಶದಲ್ಲಿ ನೆಲೆಸಿದ್ದ ಜೂಲಿಯಾ ರೈಕರ್ಟ್ ಮತ್ತು ಸ್ಟೀವನ್ ಬೋಗ್ನರ್ ದಂಪತಿ ಅದರ ಕೊನೆಯ ದಿನಗಳನ್ನು ದಾಖಲಿಸಲು ಹೊರಟಾಗ ಕಂಪನಿ ಒಳಗೆ ಬಿಡಲಿಲ್ಲ. ಆಗ ನೆರವಾದದ್ದು ಕಾರ್ಮಿಕರೇ ಪುಟ್ಟ ಕ್ಯಾಮೆರಾಗಳಲ್ಲಿ ಒಳಗೆ ತೆಗೆದ ದೃಶ್ಯಗಳು. ‘ದ ಲಾಸ್ಟ್ ಟ್ರಕ್’ ಎಂಬ ಆ ಕಿರುಚಿತ್ರ 2009ರಲ್ಲಿ ಬಂತು. ಮುಂದೆ ಫುಯಾವೊ ಎಂಬ ಚೀನೀ ಗಾಜಿನ ಕಂಪನಿ ಅದೇ ಕಟ್ಟಡವನ್ನು ಕೊಂಡಾಗ ಈ ದಂಪತಿ ಮತ್ತೆ ಅಲ್ಲಿಗೆ ಹೋದರು. ಹೀಗೆ ತಯಾರಾದ ‘ಅಮೆರಿಕನ್ ಫ್ಯಾಕ್ಟರಿ’ (2019) ಆಸ್ಕರ್ ಪಡೆಯಿತು. ಕೆಲಸವೇನೋ ಮರಳಿತು, ಸಂಬಳ ಮಾತ್ರ ಹಿಂದಿನದರ ಅರ್ಧದಷ್ಟೂ ಇರಲಿಲ್ಲ. ಕೆಲಸ ಹೋದಾಗ ಮನೆ ಕಳೆದುಕೊಂಡು ಸೋದರಿಯ ಮನೆಯ ನೆಲಮಾಳಿಗೆಯಲ್ಲಿ ದಿನ ನೂಕುವ ಮಹಿಳೆಯೊಬ್ಬರು ಇದರಲ್ಲಿದ್ದಾರೆ. ಸಂಸಾರವನ್ನು ಸಾವಿರಾರು ಮೈಲಿ ದೂರ ಬಿಟ್ಟುಬಂದ ಚೀನೀ ಕೆಲಸಗಾರರೂ ಇದ್ದಾರೆ. ಒಂದೇ ಚಾವಣಿಯ ಕೆಳಗೆ ದುಡಿಯುವ ಈ ಇಬ್ಬರಿಗೂ ಸ್ವಂತ ಮನೆಯಿಲ್ಲ.

ಮನೆ ಹೋಗುವುದಕ್ಕೆ ಕಾರ್ಖಾನೆ ಮುಚ್ಚಲೇಬೇಕೆಂದೇನೂ ಇಲ್ಲ, ಹೊಸ ಯೋಜನೆ ಬಂದರೂ ಸಾಕು. ಶಿವಮೊಗ್ಗ ಜಿಲ್ಲೆ ಎರಡನ್ನೂ ಕಂಡಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎದ್ದು ಬಂದವರ ಹಕ್ಕುಪತ್ರದ ಪ್ರಶ್ನೆ ಅರುವತ್ತು ವರ್ಷ ದಾಟಿದರೂ ಪೂರ್ತಿ ಬಗೆಹರಿದಿಲ್ಲ. ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಗೆ ಅಜ್ಜ ಹಿಡಿದುಬಂದ ಅರ್ಜಿಯನ್ನೇ ಮೊಮ್ಮಗ ಹಿಡಿದು ಬರುವ ಸ್ಥಿತಿ. ಹಿನ್ನೀರಿನಾಚೆ ಉಳಿದವರಿಗೆ ಲಾಂಚೇ ದಾರಿಯಾಗಿತ್ತು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಈ ನೋವಿಗೆ ಕನ್ನಡದಲ್ಲಿ ದೊರೆತ ಪ್ರಬಲ ರೂಪ ಕಾದಂಬರಿ ಮತ್ತು ಕಥಾಚಿತ್ರ. ಸಾಗರದ ನಾ. ಡಿಸೋಜ ಶರಾವತಿ ಯೋಜನೆಯಲ್ಲೇ ಸರ್ಕಾರಿ ನೌಕರರಾಗಿದ್ದವರು, ಮುಳುಗಡೆಯನ್ನು ಕಣ್ಣಾರೆ ಕಂಡವರು. ಅವರ ‘ದ್ವೀಪ’ವನ್ನು ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ಅದು ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ನೀರು ಏರುತ್ತಿದ್ದರೂ ಗಣಪನ ಸಂಸಾರ ಗುಡ್ಡ ಬಿಟ್ಟು ಇಳಿಯುವುದಿಲ್ಲ. ಮನೆ, ತೋಟಕ್ಕೆ ಸರ್ಕಾರ ಬೆಲೆ ಕಟ್ಟಬಲ್ಲದು. ದೇವಸ್ಥಾನದ ಪೂಜೆಯಿಂದ ಬಂದ ಮಾನಮರ್ಯಾದೆಗೆ ಯಾವ ಲೆಕ್ಕದಲ್ಲಿ ಪರಿಹಾರ ಕೊಡುವುದು? ಫ್ಲಿಂಟ್‌ನ ಬೀದಿಯಲ್ಲಿ ಬಿದ್ದ ಸಾಮಾನು ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ಕಥಾಚಿತ್ರ ಇದ್ದಮೇಲೆ ಸಾಕ್ಷ್ಯಚಿತ್ರವೇಕೆ ಎನ್ನಬಹುದು. ಗಣಪ ಕಲ್ಪನೆಯವನು. ಅವನ ದುಃಖಕ್ಕೆ ಎಲ್ಲರೂ ಮರುಗುತ್ತಾರೆ, ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ. ಇಂಥ ಮನೆ ಸಂಖ್ಯೆಯಲ್ಲಿ ಇದ್ದವರು, ಇಂಥ ಕುಲುಮೆಯ ಮುಂದೆ ಇಷ್ಟು ವರ್ಷ ನಿಂತವರು ತಮ್ಮ ಹೆಸರು ಹೇಳಿ ಮಾತಾಡಿದರೆ ಅದನ್ನು ತಳ್ಳಿಹಾಕುವುದು ಕಷ್ಟ. ನೋಡುಗರಿಗೂ ಇಲ್ಲಿ ಕೊರತೆಯಿಲ್ಲ. ಕೆ.ವಿ. ಸುಬ್ಬಣ್ಣನವರ ನೀನಾಸಂ ಎಪ್ಪತ್ತರ ದಶಕದಲ್ಲೇ ಹೆಗ್ಗೋಡಿನ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದ ಜಿಲ್ಲೆಯಿದು.

ಮೊರೇನ್‌ನ ಕಾರ್ಮಿಕರ ಕೈಯಲ್ಲಿದ್ದದ್ದಕ್ಕಿಂತ ಒಳ್ಳೆಯ ಕ್ಯಾಮೆರಾ ಈಗ ಭದ್ರಾವತಿಯ ಪ್ರತಿ ಮನೆಯ ಮೊಬೈಲಿನಲ್ಲಿದೆ. ತಾರೀಖುಗಳನ್ನು ಸರಿಯಾಗಿ ಬರೆದಿಟ್ಟುಕೊಳ್ಳುವ ತಾಳ್ಮೆ ಬೇಕು. ಯಾವ ತಮಿಳು ಹಳ್ಳಿಯಿಂದ ಹೊರಟು ಇಲ್ಲಿಗೆ ಬಂದದ್ದು, ಮೊದಲ ವಸತಿಗೃಹದ ಬೀಗದ ಕೈ ಸಿಕ್ಕಿದ ದಿನ ಅಡುಗೆ ಏನು, ನಿವೃತ್ತಿಯ ಮರುದಿನ ಎಲ್ಲಿಗೆ ಹೋಗಬೇಕೆಂದು ಯೋಚಿಸಿದ್ದು, ಇವನ್ನು ಗೋಡೆ ಒಡೆಯದೆ ಕೇಳಬಲ್ಲವರು ಆ ಮನೆಯ ಮಕ್ಕಳು. 1950ರ ದಶಕದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ತೊಂಬತ್ತರ ಆಸುಪಾಸು.