ಬೆಂಚಿನ ಮೇಲಿನ ಹುಡುಗಿ

ಕ್ರಿಕೆಟ್ಟಿನಲ್ಲಿ ಹನ್ನೆರಡನೆಯವನ ಪಾಡು ಯಾರಿಗೆ ತಿಳಿಯದು? ನೀರು ಹೊತ್ತು ಮೈದಾನಕ್ಕೆ ಓಡಿಬರುವುದೇ ಅವನ ಭಾಗ್ಯ. ಅಮೆರಿಕದ ಸಾಫ್ಟ್‌ಬಾಲ್ ತಂಡಗಳಲ್ಲಿ ಹತ್ತು ಹನ್ನೆರಡು ವರ್ಷದ ಎಷ್ಟೋ ಹುಡುಗಿಯರು ಈ ಪಾಡನ್ನು ವಾರವಾರವೂ ಅನುಭವಿಸುತ್ತಾರೆ. ಅದೂ ತಂದೆತಾಯಿಗಳು ಕೈತುಂಬ ಹಣ ತೆತ್ತು!

ಈ ಆಟ ಹುಟ್ಟಿದುದು 1887ರಲ್ಲಿ, ಷಿಕಾಗೋ ನಗರದ ಒಂದು ದೋಣಿವಿಹಾರದ ಕ್ಲಬ್ಬಿನಲ್ಲಿ. ಮುಷ್ಟಿಕಾಳಗದ ಕೈಗವಸನ್ನು ಬಿಗಿದು ಚೆಂಡು ಮಾಡಿ, ಕೋಲನ್ನೇ ಬ್ಯಾಟೆಂದು ಹಿಡಿದು, ಒಳಾಂಗಣದಲ್ಲಿ ಆಡಿದ ವಿನೋದ ಅದು. 1972ರ ಕಾನೂನು ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದವನ್ನು ನಿಷೇಧಿಸಿದ ಮೇಲೆ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಬೆಳೆದವು; ವಿದ್ಯಾರ್ಥಿವೇತನಗಳೂ ಬಂದವು. 1996ರಲ್ಲಿ ಆಟ ಒಲಿಂಪಿಕ್ಸನ್ನೂ ಮುಟ್ಟಿತು. ತಂದೆತಾಯಿಗಳ ಕಣ್ಣಿಗೆ ದೂರದ ದೀಪವೊಂದು ಕಾಣತೊಡಗಿದ ಮೇಲೆ ಕೇಳಬೇಕೆ? ಊರೊಳಗಿನ ಆಟ ಸಾಲದೆಂದು, ಊರೂರು ಸುತ್ತಿ ಪಂದ್ಯಾವಳಿಗಳನ್ನು ಆಡುವ ‘ಟ್ರಾವೆಲ್’ ತಂಡಗಳು ಎದ್ದವು. ಕ್ಲಬ್ಬಿನ ಶುಲ್ಕ, ಹೋಟೆಲು, ಪೆಟ್ರೋಲು ಎಂದು ವರ್ಷಕ್ಕೆ ಸಾವಿರಾರು ಡಾಲರು ಸುರಿಯುವ ಸಂಸಾರಗಳುಂಟು.

ಇಷ್ಟಾಗಿ ಹುಡುಗಿ ಆಡುವುದೆಷ್ಟು? ಸ್ವಲ್ಪ ಲೆಕ್ಕ ಹಾಕೋಣ. ಮೈದಾನದಲ್ಲಿ ಒಮ್ಮೆಗೆ ಒಂಬತ್ತು ಮಂದಿ. ತಂಡದಲ್ಲಿ ಹನ್ನೆರಡು ಮಂದಿಯೆನ್ನಿ. ಪೂರ್ಣ ಪಂದ್ಯಕ್ಕೆ ಏಳು ಇನ್ನಿಂಗ್ಸ್. ಆದರೆ ಪಂದ್ಯಾವಳಿಯ ದಿನ ಒಂದರ ಮೇಲೊಂದು ಪಂದ್ಯ ಮುಗಿಯಬೇಕಾದುದರಿಂದ ಗಡಿಯಾರದ ಮಿತಿ ಹಾಕುವುದು ವಾಡಿಕೆ. ಐದು ಇನ್ನಿಂಗ್ಸ್ ನಡೆದರೆ ಹಂಚುವುದಕ್ಕೆ ದೊರೆಯುವುದು 45 ಪಾಲು. ಪಿಚರ್, ಕ್ಯಾಚರ್, ಬೇಸುಗಳನ್ನು ಕಾಯುವ ನಾಲ್ವರು, ಈ ಆರು ಮಂದಿಯನ್ನು ತರಬೇತುದಾರ ಕದಲಿಸದೆ ಉಳಿಸಿಕೊಂಡನೆಂದರೆ ಅವರೇ 30 ಪಾಲನ್ನು ನುಂಗಿದರು. ಮಿಕ್ಕ 15 ಪಾಲು ಮಿಕ್ಕ ಆರು ಹುಡುಗಿಯರಿಗೆ. ತಲೆಗೆ ಎರಡೂವರೆ ಇನ್ನಿಂಗ್ಸ್! ಅದೂ ಬಹುಮಟ್ಟಿಗೆ ಬಲಬದಿಯ ಔಟ್‌ಫೀಲ್ಡಿನಲ್ಲಿ. ಚಿಕ್ಕ ಮಕ್ಕಳ ಪಂದ್ಯದಲ್ಲಿ ಅಲ್ಲಿಗೆ ಚೆಂಡು ಬರುವುದೇ ಅಪರೂಪ. ಹುಲ್ಲಿನಲ್ಲಿ ಚಿಟ್ಟೆಗಳನ್ನು ಎಣಿಸಬಹುದು. ಸೋತವರು ಮನೆಗೆ ಹೋಗಬೇಕಾದ ಭಾನುವಾರದ ಪಂದ್ಯಗಳಲ್ಲಿ ಈ ಎರಡೂವರೆಯೂ ಕರಗಿಹೋಗುವುದುಂಟು.

‘ನೀವು ಹಣ ಕೊಟ್ಟಿರುವುದು ಅಭ್ಯಾಸಕ್ಕೆ, ಪಂದ್ಯದ ಸ್ಥಾನಕ್ಕಲ್ಲ’ ಎಂಬುದು ತರಬೇತುದಾರರ ಸಿದ್ಧ ಉತ್ತರ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರಭಸದಿಂದ ಬರುವ ಚೆಂಡನ್ನು ಹಿಡಿಯಲಾರದ ಮಗುವನ್ನು ಮೂರನೆಯ ಬೇಸಿನ ಬಳಿ ನಿಲ್ಲಿಸಿದರೆ ಮುಖಕ್ಕೆ ಪೆಟ್ಟಾದೀತು. ಗೆಲ್ಲುವ ಆಸೆ ಮಕ್ಕಳಿಗೂ ಇಲ್ಲದಿಲ್ಲ. ಹದಿನಾರು ವರ್ಷದವರ ತಂಡದಲ್ಲಿ ಸಮರ್ಥರನ್ನೇ ಆಡಿಸಿದರೆ ಯಾರೂ ಮುನಿಯಬೇಕಾಗಿಲ್ಲ. ಆದರೆ ಹತ್ತರ ವಯಸ್ಸಿನಲ್ಲಿ ಸಮರ್ಥರು ಯಾರು ಎಂದು ನಿರ್ಣಯಿಸುವ ಅವಸರವೇಕೆ?

ಆಟದ ಅಳತೆಗಳೇ ಈ ಅವಸರಕ್ಕೆ ವಿರುದ್ಧವಾಗಿವೆ. ಹತ್ತು ವರ್ಷದೊಳಗಿನವರ ಪಿಚರ್ 35 ಅಡಿ ದೂರದಿಂದ ಎಸೆಯುತ್ತಾಳೆ. ಚೆಂಡಿನ ಸುತ್ತಳತೆ 11 ಅಂಗುಲ. ಹನ್ನೆರಡರ ವಿಭಾಗಕ್ಕೆ ಬಂದೊಡನೆ ದೂರ 40 ಅಡಿ, ಚೆಂಡು 12 ಅಂಗುಲ. ಹದಿನಾಲ್ಕಕ್ಕೆ 43 ಅಡಿ. ಎಂಟು ಅಡಿಗಳ ಈ ಪಯಣದಲ್ಲಿ ಹಳೆಯ ಶ್ರೇಯಾಂಕಗಳು ತಲೆಕೆಳಗಾಗುವುದು ಸಹಜ. ಬೇಗನೆ ಎತ್ತರಕ್ಕೆ ಬೆಳೆದು ತೋಳ ಬಲದಿಂದ ಗೆಲ್ಲುತ್ತಿದ್ದ ಹುಡುಗಿಯ ಜೊತೆಗಾತಿಯರೂ ಈಗ ಬೆಳೆದಿರುತ್ತಾರೆ. ಆದರೆ ಬೆಂಚಿನ ಮೇಲೆ ಎರಡು ವರ್ಷ ಕಳೆದವಳು ಚೆಂಡಿನ ಗತಿಯನ್ನು ಓದುವುದನ್ನು ಎಲ್ಲಿ ಕಲಿತಾಳು? ಅಭ್ಯಾಸದಲ್ಲಿ ಕೈ ಪಳಗುತ್ತದೆ; ಓಟಗಾರ್ತಿಯೊಬ್ಬಳು ಬೇಸು ಬಿಟ್ಟು ಓಡುತ್ತಿರುವಾಗ ಚೆಂಡನ್ನು ಯಾರತ್ತ ಎಸೆಯಬೇಕೆಂಬ ಕ್ಷಣಾರ್ಧದ ವಿವೇಕ ಪಂದ್ಯದಲ್ಲಿ ಮಾತ್ರ ಬರುತ್ತದೆ.

ಕುಳಿತವಳಿಗಷ್ಟೇ ನಷ್ಟವೆನ್ನಬೇಡಿ. ಒಬ್ಬಳೇ ಪಿಚರನ್ನು ನಂಬಿದ ತಂಡ ಆಕೆಯಿಂದ ಒಂದೇ ದಿನ ಎರಡು ಮೂರು ಪಂದ್ಯಗಳಲ್ಲಿ ಎಸೆಯಿಸುತ್ತದೆ. ತೋಳನ್ನು ಗಾಳಿಯಂತ್ರದಂತೆ ಸುತ್ತಿಸಿ ಕೆಳಗಿನಿಂದ ಎಸೆಯುವ ಈ ಕ್ರಮ ಭುಜಕ್ಕೆ ಹಾನಿಕರವಲ್ಲವೆಂಬ ನಂಬಿಕೆ ಬಹುಕಾಲ ಬೇರೂರಿತ್ತು. ಆದರೆ ಇಲ್ಲಿಯೂ ಭುಜದ ಮೇಲೆ ಬೀಳುವ ಒತ್ತಡ ಅಲ್ಪವಲ್ಲವೆಂದು ಸಂಶೋಧನೆಗಳು ತೋರಿಸಿವೆ. ಎರಡನೆಯ ಪಿಚರನ್ನು ಬೆಳೆಸದ ತಪ್ಪಿಗೆ ಮೊದಲನೆಯವಳ ಭುಜ ದಂಡ ತೆರುತ್ತದೆ.

ಊರೊಳಗಿನ ಮಕ್ಕಳ ಆಟವನ್ನು ನಡೆಸುವ ಲಿಟಲ್ ಲೀಗ್ ಸಂಸ್ಥೆ ಇದಕ್ಕೊಂದು ಕಟ್ಟಳೆ ಮಾಡಿಕೊಂಡಿದೆ. ಪ್ರತಿ ಮಗುವೂ ಪಂದ್ಯದಲ್ಲಿ ಕನಿಷ್ಠ ಆರು ಔಟ್ ಆಗುವವರೆಗೆ, ಅಂದರೆ ಎರಡು ಇನ್ನಿಂಗ್ಸ್, ಮೈದಾನದಲ್ಲಿರಬೇಕು; ಒಮ್ಮೆಯಾದರೂ ಬ್ಯಾಟು ಹಿಡಿಯಬೇಕು. ಟ್ರಾವೆಲ್ ತಂಡಗಳಿಗೆ ಇಂಥ ಕಟ್ಟು ಸಾಮಾನ್ಯವಾಗಿ ಇಲ್ಲ. ಹೊರಗೆ ಕರೆದ ಆಟಗಾರ್ತಿಯನ್ನು ಅದೇ ಪಂದ್ಯದಲ್ಲಿ ಮತ್ತೊಮ್ಮೆ ಇಳಿಸಲು ಆಟದ ನಿಯಮವೇ ಎಡೆಗೊಟ್ಟಿದೆ. ನಮ್ಮ ಹನ್ನೆರಡನೆಯವನಿಗೆ ಇಲ್ಲದ ಸೌಲಭ್ಯ ಇದು. ಬಳಸುವ ಮನಸ್ಸು ಬೇಕು, ಅಷ್ಟೆ.

ಅನುಭವಸ್ಥ ತಾಯಂದಿರು ಹಣ ಕಟ್ಟುವ ಮೊದಲೇ ಕೇಳುವ ಪ್ರಶ್ನೆಗಳಿವೆ. ತಂಡದಲ್ಲಿ ಎಷ್ಟು ಮಂದಿ? ಪಿಚರುಗಳು ಎಷ್ಟು? ಶನಿವಾರ ಆಡಿದವರೆಲ್ಲ ಭಾನುವಾರವೂ ಆಡುವರೆ? ತರಬೇತುದಾರ ಬಹುವೇಳೆ ಆಟಗಾರ್ತಿಯೊಬ್ಬಳ ತಂದೆಯೇ ಆಗಿರುವುದರಿಂದ ಕೊನೆಯ ಪ್ರಶ್ನೆಯನ್ನು ಮಾತ್ರ ಅವನ ಮುಂದಿಡದೆ ಪಕ್ಕದವರ ಕಿವಿಯಲ್ಲಿ ಕೇಳುತ್ತಾರೆ: ಈತನ ಮಗಳು ಆಡುವುದು ಯಾವ ಸ್ಥಾನದಲ್ಲಿ?