ಶಿಶುವಿಹಾರದಿಂದ ಜಿನೀವಾಕ್ಕೆ

1955ರಲ್ಲಿ ಸ್ವೀಡನ್ನಿನ ರಾಜಪ್ರತಿನಿಧಿಯಾಗಿ ದಿಲ್ಲಿಗೆ ಬಂದು 1961ರವರೆಗೆ ಅಲ್ಲಿದ್ದ ಶ್ರೀಮತಿ ಆಲ್ವಾ ಮಿರ್ಡಾಲ್ ಅವರು ರಾಜಕಾರಣವನ್ನು ಪ್ರವೇಶಿಸಿದ್ದು ಶಿಶುವಿಹಾರದ ಬಾಗಿಲಿನಿಂದ ಎಂದರೆ ತಪ್ಪಾಗಲಾರದು. 1902ರಲ್ಲಿ ಉಪ್ಸಾಲಾ ನಗರದಲ್ಲಿ ಜನಿಸಿದ ಈಕೆ 1934ರಲ್ಲಿ ಪತಿ ಗುನ್ನಾರ್ ಮಿರ್ಡಾಲ್ ಅವರೊಡಗೂಡಿ ರಚಿಸಿದ ಗ್ರಂಥವು, ಮಕ್ಕಳ ಪೋಷಣೆಯ ಹೊಣೆ ಹೆತ್ತವರದಷ್ಟೇ ಅಲ್ಲ, ಇಡೀ ಸಮಾಜದ್ದು ಎಂದು ವಾದಿಸಿತು. (ಅಯೋಗ್ಯರೆಂದು ಎಣಿಸಲ್ಪಟ್ಟವರ ಸಂತಾನಹರಣವನ್ನೂ ದಂಪತಿಗಳು ಸಮರ್ಥಿಸಿದ್ದರೆಂಬ ಸಂಗತಿಯನ್ನು ಮರೆಮಾಚುವುದು ಸರಿಯಲ್ಲ.) 1936ರಲ್ಲಿ ಅವರು ಸ್ಟಾಕ್‌ಹೋಮಿನಲ್ಲಿ ಶಿಶುವಿಹಾರದ ಶಿಕ್ಷಕಿಯರಿಗಾಗಿ ತರಬೇತಿ ಶಾಲೆಯೊಂದನ್ನು ತೆರೆದು 1948ರವರೆಗೆ ನಡೆಸಿದರು. ವಿಶ್ವಸಂಸ್ಥೆ, ಯುನೆಸ್ಕೋಗಳಲ್ಲಿನ ಉನ್ನತ ಹುದ್ದೆಗಳು ಅನಂತರದವು.

1962ರಲ್ಲಿ ಜಿನೀವಾದ ನಿಃಶಸ್ತ್ರೀಕರಣ ಸಮ್ಮೇಳನಕ್ಕೆ ಸ್ವೀಡನ್ನಿನ ಪರವಾಗಿ ಬಂದಾಗ ಅವರಿಗೆ ಅರವತ್ತು ವರ್ಷ. ಅಣುಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಭೂಗರ್ಭದಲ್ಲಿ ಗುಟ್ಟಾಗಿ ನಡೆಸಿದ ಸ್ಫೋಟವನ್ನು ಕಂಡುಹಿಡಿಯುವುದೆಂತು? ಸ್ಥಳಕ್ಕೇ ಹೋಗಿ ಪರೀಕ್ಷಿಸಬೇಕೆಂದು ಅಮೆರಿಕ ಪಟ್ಟುಹಿಡಿಯಿತು. ಅದು ಬೇಹುಗಾರಿಕೆಯ ನೆಪವೆಂದು ಸೋವಿಯತ್ ಒಕ್ಕೂಟ ತಿರಸ್ಕರಿಸಿತು. ಭಾರತವೂ ಸ್ವೀಡನ್ನೂ ಸೇರಿದಂತೆ ಎರಡು ಬಣಗಳಿಗೂ ಸೇರದ ಎಂಟು ರಾಷ್ಟ್ರಗಳು ಅದೇ ಏಪ್ರಿಲ್‌ನಲ್ಲಿ, ಈ ಕಾರ್ಯವನ್ನು ವಿಜ್ಞಾನಿಗಳ ಅಂತರರಾಷ್ಟ್ರೀಯ ಮಂಡಲಿಗೆ ಒಪ್ಪಿಸಬಹುದೆಂಬ ಸೂಚನೆಯನ್ನು ಮುಂದಿಟ್ಟವು. 1963ರ ಒಪ್ಪಂದವಾದರೋ ಭೂಗರ್ಭ ಪರೀಕ್ಷೆಯನ್ನು ಹಾಗೆಯೇ ಬಿಟ್ಟಿತು.

ಶ್ರೀಮತಿ ಮಿರ್ಡಾಲ್ ಅವರು ಆ ವಾದವನ್ನು ಅಲ್ಲಿಗೇ ಬಿಡಲಿಲ್ಲ. ಭೂಕಂಪವನ್ನು ಅಳೆಯುವ ಯಂತ್ರಗಳಿಗೆ ಬಾಂಬಿನ ಕಂಪನವೂ ತಿಳಿಯುತ್ತದೆ. ಮಂತ್ರಿಗಳು ಅಡಗಿಸಿದ್ದನ್ನು ನೆಲವೇ ಹೇಳಿಬಿಡುತ್ತದೆ. ಸ್ವೀಡನ್ ತನ್ನ ಹಾಗ್‌ಫೋರ್ಸ್‌ನಲ್ಲಿ ಇಂತಹ ಕೇಂದ್ರವೊಂದನ್ನು ಸ್ಥಾಪಿಸಿತು. ಭಾಷಣಕ್ಕೆ ಭಾಷಣದಿಂದಲ್ಲದೆ ಅಳತೆಯ ಅಂಕಿಗಳಿಂದ ಉತ್ತರ ಕೊಡುವುದು ಸಣ್ಣ ರಾಷ್ಟ್ರಕ್ಕೆ ಸಾಧ್ಯವಾದದ್ದು ಹೀಗೆ. 1967ರಿಂದ 1973ರವರೆಗೆ ಅವರು ಮಂತ್ರಿಪದವಿಯಲ್ಲಿದ್ದುಕೊಂಡೇ ಈ ಕಾರ್ಯವನ್ನು ಮುಂದುವರಿಸಿದರು. ಮಹಾಶಕ್ತಿಗಳೆರಡೂ ಸಂಧಾನದ ಸೋಗಿನಲ್ಲಿ ಶಸ್ತ್ರಗಳನ್ನು ಬೆಳೆಸುತ್ತಿವೆ ಎಂಬ ಕಹಿ ನಿರ್ಣಯವನ್ನು 1976ರ ತಮ್ಮ ಗ್ರಂಥದಲ್ಲಿ ಬರೆದರು. ಸಕಲ ಅಣುಪರೀಕ್ಷೆಗಳನ್ನೂ ನಿಷೇಧಿಸುವ ಒಪ್ಪಂದ ಸಿದ್ಧವಾದದ್ದು 1996ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಅದು ಇನ್ನೂ ಜಾರಿಗೆ ಬಂದಿಲ್ಲ.

1982ರಲ್ಲಿ ಮೆಕ್ಸಿಕೋದ ಗಾರ್ಸಿಯಾ ರೋಬ್ಲೆಸ್ ಅವರೊಡನೆ ಆಲ್ವಾ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ಅದೇ ವರ್ಷ ಮಗ ಯಾನ್ ಮಿರ್ಡಾಲ್ ತನ್ನ ಬಾಲ್ಯದ ನೆನಪುಗಳನ್ನು ಪ್ರಕಟಿಸಿದನು. ದೇಶದ ಮಕ್ಕಳಿಗಾಗಿ ದುಡಿದ ತಾಯಿ ತನಗೆ ದೊರೆಯಲಿಲ್ಲವೆಂಬ ಅಳಲು ಅದರಲ್ಲಿತ್ತು. ಮಗಳು ಸಿಸ್ಸೆಲಾ 1987ರಲ್ಲಿ ತಾಯಿಯ ಚರಿತ್ರೆಯನ್ನು ಬರೆಯುವ ವೇಳೆಗೆ ಅದನ್ನು ಓದಲು ಆಲ್ವಾ ಬದುಕಿರಲಿಲ್ಲ.