ಕುರಿ ಮೇಯಿಸಲೂ ಒಂದು ಲೆಕ್ಕ ಬೇಕು

ನಾಲ್ಕಾರು ಕುರಿ ಸಾಕಿರುವ ಸೋದರಿಯರೇ, ನಿಮಗೊಂದು ಮಾತು. ಕುರಿ ಅಂದರೆ ನಮ್ಮ ಹೆಂಗಸರ ಕೈಗಂಟು. ಮಕ್ಕಳ ಫೀಸಿಗೋ, ಹಬ್ಬಕ್ಕೋ ಯಾರ ಮುಂದೂ ಕೈ ಚಾಚದೆ ಒಂದು ಮರಿ ಮಾರಬಹುದು. ಆ ಗಂಟು ಕಣ್ಣೆದುರೇ ಕರಗಿದರೆ ಹೊಟ್ಟೆ ಉರಿಯುವುದಿಲ್ಲವೇ?

ನಮ್ಮಲ್ಲಿ ಹಾಗೇ ಆಯಿತು. ಒಂದೆಕರೆ ಹುಲ್ಲಿದೆಯಲ್ಲ ಅಂತ ಆರು ಬನ್ನೂರು ಕುರಿಗಳನ್ನು ದಿನವೂ ಒಟ್ಟಿಗೇ ಬಿಡುತ್ತಿದ್ದೆವು. ಮಳೆಗಾಲದಲ್ಲಿ ಎರಡು ಮರಿ ಸೊರಗಿ, ಗದ್ದದ ಕೆಳಗೆ ನೀರು ತುಂಬಿ ಸತ್ತವು. ರಕ್ತ ಹೀರುವ ಜಂತುಹುಳುವಿನ ಕೆಲಸ ಅದು. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ವಾರದೊಳಗೆ ಹುಳುವಾಗಿ ಹುಲ್ಲಿನ ಬುಡಕ್ಕೆ ಹತ್ತಿಕೊಳ್ಳುತ್ತೆ. ಅಲ್ಲೇ ಬುಡದವರೆಗೂ ಮೇಯುವ ಕುರಿ ಅದನ್ನು ನುಂಗುತ್ತೆ.

ಈಗ ಎಕರೆಯನ್ನು 4 ಗುಂಟೆಯ 10 ಪಾಲು ಮಾಡಿದ್ದೇವೆ. ಒಂದು ಪಾಲಿಗೆ ಮಾತ್ರ ಬಲೆ ಕಟ್ಟಿ, ಇಬ್ಬನಿ ಆರಿದ ಮೇಲೆ ಕುರಿ ಬಿಡುತ್ತೇವೆ. ಮಳೆಗಾಲದಲ್ಲಿ 4 ದಿನಕ್ಕಿಂತ ಹೆಚ್ಚು ಒಂದೇ ಕಡೆ ಬಿಡುವುದಿಲ್ಲ. ಸುತ್ತಿ ಬರುವ ಹೊತ್ತಿಗೆ ಐದು ವಾರ ಕಳೆದಿರುತ್ತೆ. ಹುಲ್ಲು ಚಿಗುರಿರುತ್ತೆ, ಹುಳು ಬಹುಪಾಲು ಸತ್ತಿರುತ್ತೆ.

ಆದರೆ ಬರೀ ಕ್ಯಾಲೆಂಡರ್ ನೋಡಿದರೆ ಸಾಲದು, ಹುಲ್ಲನ್ನು ನೋಡಿ. ಗೇಣುದ್ದ ಬೆಳೆದಾಗ ಬಿಡಿ, ನಾಲ್ಕು ಬೆರಳು ಉಳಿದಾಗ ಎಬ್ಬಿಸಿ. ಎರಡೇ ದಿನಕ್ಕೆ ಅಷ್ಟಾದರೆ ಎರಡೇ ದಿನಕ್ಕೆ ಹೊರಡಿಸಿ. ಮಳೆ ಚೆನ್ನಾಗಿದ್ದು ಹುಲ್ಲು ಮಿಕ್ಕರೆ ಒಂದೆರಡು ಪಾಲು ಕೊಯ್ದು ಒಣಗಿಸಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಹುಲ್ಲು ಏಳದಿದ್ದರೆ ಆಸೆಪಟ್ಟು ಬಿಡಬೇಡಿ; ಬುಡ ತಿಂದರೆ ಮುಂದಿನ ಮಳೆಗೂ ಚಿಗುರದು. ದೊಡ್ಡಿಯಲ್ಲೇ ಕಟ್ಟಿ ಒಣಹುಲ್ಲು, ಅಗಸೆ ಸೊಪ್ಪು, ಹುರುಳಿ ಹೊಟ್ಟು ಹಾಕಿ.

ಹದಿನೈದು ದಿನಕ್ಕೊಮ್ಮೆ ಕೆಳರೆಪ್ಪೆ ಬಿಡಿಸಿ ನೋಡಿ. ಒಳಗೆ ಕೆಂಪಗಿದ್ದರೆ ಚಿಂತೆಯಿಲ್ಲ. ಬಿಳಿಚಿಕೊಂಡಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ ಔಷಧಿ ಕುಡಿಸಿ. ಜಾಗ ಬದಲಿಸುತ್ತೇವೆಂದು ಔಷಧಿ ಬಿಡಬಾರದು.

ಇದೇನು ಹೊಸ ವಿದ್ಯೆಯಲ್ಲ ಕಣ್ರೀ. ಮಂದೆ ಹೊಡೆದುಕೊಂಡು ಊರೂರು ತಿರುಗುವ ನಮ್ಮ ಕುರಿಗಾಹಿಗಳು ಒಂದೇ ಹೊಲದಲ್ಲಿ ಬಹಳ ದಿನ ತಂಗಿದ್ದನ್ನು ಕಂಡಿದ್ದೀರಾ? ಅವರು ಊರು ದಾಟುತ್ತಾರೆ, ನಾವು ಬಲೆ ದಾಟಿಸೋಣ. ಈ ಮಳೆಗಾಲಕ್ಕೇ ಮಾಡಿ ನೋಡಿ.